ಕನ್ನಡಕ ತೆಗೆದ ಮೇಲೆ ಕೈ ಎತ್ತ ಹೋಗುತ್ತದೆ: ಪ್ರಿಸಂ ಚಿಕಿತ್ಸೆಯಲ್ಲಿ ನನ್ನ ಅನುಭವ

ಹಾಸನ ಜಿಲ್ಲೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾಗಿದ್ದ 63 ವರ್ಷದ ಶಿಕ್ಷಕಿಯೊಬ್ಬರನ್ನು, ಪಾರ್ಶ್ವವಾಯುವಾದ ಐದು ವಾರಗಳ ನಂತರ, ಗಾಲಿಕುರ್ಚಿಯಲ್ಲಿ ನಮ್ಮ ಪುನಶ್ಚೇತನ ವಿಭಾಗಕ್ಕೆ ಕರೆತಂದರು. ಎಡಗೈ, ಎಡಗಾಲು ಎರಡೂ ದುರ್ಬಲವಾಗಿದ್ದವು. ಆದರೆ ಸೊಸೆ ಮೊದಲು ಹೇಳಿಕೊಂಡದ್ದು ಊಟದ ವಿಷಯ. "ಮೇಡಂ, ಅತ್ತೆ ತಟ್ಟೇಲಿ ಅರ್ಧ ಅನ್ನ ಹಾಗೇ ಬಿಡ್ತಾರೆ, ಆಮೇಲೆ ಹೊಟ್ಟೆ ತುಂಬಲಿಲ್ಲ ಅಂತಾರೆ. ಹಬ್ಬದ ದಿನ ಎಲೆ ಹಾಕಿದ್ವಿ, ಉಪ್ಪೇ ಬಡಿಸಿಲ್ಲ ಅಂತ ಬೇಜಾರು ಮಾಡ್ಕೊಂಡ್ರು. ಉಪ್ಪು ಎಲೆ ಮೇಲೇ ಇತ್ತು." ನಮ್ಮಲ್ಲಿ ಬಾಳೆಲೆಯ ತುದಿ ಉಣ್ಣುವವರ ಎಡಕ್ಕೆ ಬರುವಂತೆ ಹಾಸುತ್ತಾರೆ, ಉಪ್ಪು ಉಪ್ಪಿನಕಾಯಿಗಳು ಆ ತುದಿಯಲ್ಲಿರುತ್ತವೆ. ಕಾಯಿಲೆ ಯಾವುದಿರಬಹುದೆಂದು ಆ ಒಂದು ಮಾತಿನಿಂದಲೇ ನನಗೆ ಅಂದಾಜಾಯಿತು.

ಮೆದುಳಿನ ಬಲಭಾಗಕ್ಕೆ ರಕ್ತ ಪೂರೈಕೆ ನಿಂತು ಹಾನಿಯಾದ ಹಲವರಲ್ಲಿ ಎಡಬದಿಯ ಪ್ರಪಂಚ ಗಮನಕ್ಕೆ ಬರುವುದೇ ನಿಂತುಹೋಗುತ್ತದೆ. ವೈದ್ಯರು ಇದನ್ನು 'ನೆಗ್ಲೆಕ್ಟ್' ಎನ್ನುತ್ತಾರೆ. ರೋಗಿಯ ಮನೆಯವರೊಂದಿಗೆ ಮಾತನಾಡುವಾಗ ನಾನು 'ಎಡಬದಿಯ ಮರೆವು' ಎನ್ನುತ್ತೇನೆ, ಏಕೆಂದರೆ 'ನಿರ್ಲಕ್ಷ್ಯ' ಎಂದ ಕೂಡಲೇ ರೋಗಿ ಬೇಕೆಂದೇ ಉದಾಸೀನ ಮಾಡುತ್ತಿದ್ದಾರೆ ಎಂದು ಅವರಿಗೆ ಅನ್ನಿಸುತ್ತದೆ. ಇದು ಕಣ್ಣಿನ ದೋಷವಲ್ಲ. ದೃಷ್ಟಿಯ ಎಡ ಅರ್ಧವನ್ನಷ್ಟೇ ಕಳೆದುಕೊಂಡವರು ಸಾಮಾನ್ಯವಾಗಿ ಅದನ್ನು ಅರಿತು ಕತ್ತು ಹೊರಳಿಸಿ ನೋಡುವುದನ್ನು ಕಲಿಯುತ್ತಾರೆ. ಎಡಬದಿಯ ಮರೆವಿರುವವರಿಗೆ ಅಲ್ಲಿ ಏನೋ ತಪ್ಪಿಹೋಗಿದೆ ಎಂಬುದೇ ತೋಚುವುದಿಲ್ಲ. ಟೀಚರಮ್ಮನ ಎಡಗಡೆ ಮಾತ್ರ ನನ್ನ ಬೆರಳಾಡಿಸಿದಾಗ ಅವರು ಗುರುತಿಸಿದರು, ಎರಡೂ ಕಡೆ ಒಟ್ಟಿಗೆ ಆಡಿಸಿದಾಗ ಬಲಗಡೆಯದನ್ನಷ್ಟೇ ಹೇಳಿದರು.

ಕಾಗದದ ಮೇಲಿನ ಪರೀಕ್ಷೆಗಳನ್ನೂ ಮಾಡಿದೆ. ಗೆರೆಯ ನಡುಮಧ್ಯ ಗುರುತಿಸಲು ಹೇಳಿದರೆ ಗುರುತು ಬಲಕ್ಕೆ ಸರಿದಿತ್ತು. ಪುಟದ ತುಂಬ ಹರಡಿದ್ದ 54 ಚಿಕ್ಕ ನಕ್ಷತ್ರಗಳಲ್ಲಿ ಬಲಗಡೆಯ 21ನ್ನು ಹೊಡೆದು ಹಾಕಿ "ಮುಗೀತು" ಎಂದು ಪೆನ್ನು ಕೆಳಗಿಟ್ಟರು. ಆದರೆ ಅವರ ತೊಂದರೆಯ ನಿಜವಾದ ಅಳತೆ ನನಗೆ ಸಿಕ್ಕಿದ್ದು ಅವರಿಗೆ ಪರಿಚಿತವಾದ ಕೆಲಸಗಳಲ್ಲಿ. ಚುಕ್ಕಿ ಇಟ್ಟ ಹಾಳೆ ಕೊಟ್ಟಾಗ ರಂಗೋಲಿಯ ಬಲ ಅರ್ಧ ಅಚ್ಚುಕಟ್ಟಾಗಿ ಮೂಡಿತು, ಎಡಗಡೆಯ ಚುಕ್ಕಿಗಳು ಹಾಗೆಯೇ ಉಳಿದವು. ದೊಡ್ಡ ಅಕ್ಷರದಲ್ಲಿ ಬರೆದ ಪದಗಳನ್ನು ಓದಿಸಿದಾಗ 'ಸಕಲೇಶಪುರ' ಎಂಬುದು 'ಪುರ' ಆಯಿತು, 'ಚನ್ನರಾಯಪಟ್ಟಣ' 'ಪಟ್ಟಣ' ಆಯಿತು, 'ಮಾರುಕಟ್ಟೆ' 'ಕಟ್ಟೆ' ಆಯಿತು. ಕನ್ನಡದಲ್ಲಿ ಪದದ ಮುಂಭಾಗ ಉದುರಿದರೂ ಉಳಿದದ್ದು ಎಷ್ಟೋ ಸಲ ಅರ್ಥವುಳ್ಳ ಪದವೇ ಆಗಿರುತ್ತದೆ, ಹಾಗಾಗಿ ಓದುವವರಿಗೆ ತಪ್ಪಿದ ಅನುಮಾನವೂ ಬರುವುದಿಲ್ಲ. ಪತ್ರಿಕೆಯ ಪ್ರತಿ ಸಾಲನ್ನೂ ನಡುವಿನಿಂದ ಓದುತ್ತಿದ್ದ ಅವರು, ಇತ್ತೀಚೆಗೆ ಪತ್ರಿಕೆಯವರು ಏನೇನೋ ಅಚ್ಚು ಹಾಕುತ್ತಿದ್ದಾರೆಂದು ದೂರುತ್ತಿದ್ದರು.

ಇನ್ನೊಂದು ಪ್ರಶ್ನೆಯನ್ನು ಕೇಳಿದೆ. ಕರ್ನಾಟಕದ ನಕ್ಷೆಯನ್ನು ಮನಸ್ಸಿಗೆ ತಂದುಕೊಂಡು ಊರುಗಳನ್ನು ಹೇಳಿ ಎಂದಾಗ, ವರ್ಷಗಟ್ಟಲೆ ಭೂಗೋಳ ಕಲಿಸಿದ ಆ ಶಿಕ್ಷಕಿ ಬೀದರ್, ಕಲಬುರಗಿ, ರಾಯಚೂರು, ಬಳ್ಳಾರಿ, ಕೋಲಾರ, ಬೆಂಗಳೂರು ಎಂದು ಹೇಳುತ್ತ ಹೋದರು; ಕಾರವಾರ, ಉಡುಪಿ, ಮಂಗಳೂರು ಬರಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಈಗ ನೀವು ಬೀದರಿನಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡಿದ್ದೀರಿ, ಏನೇನು ಊರು ಸಿಗುತ್ತವೆ?" ಎಂದೆ. ಕರಾವಳಿ ಪೂರ್ತಿಯಾಗಿ ಬಂತು, ರಾಯಚೂರು ಕೋಲಾರಗಳು ಮಾಯವಾದವು. ಇಟಲಿಯ ಬಿಸಿಯಾಕ್ ಮತ್ತು ಲುಝಾಟಿ 1978ರಲ್ಲಿ ಮಿಲಾನ್ ನಗರದ ಚರ್ಚಿನ ಚೌಕವನ್ನು ಮನಸ್ಸಿನಲ್ಲಿಯೇ ಎರಡು ತುದಿಗಳಿಂದ ವರ್ಣಿಸಲು ರೋಗಿಗಳಿಗೆ ಹೇಳಿ ತೋರಿಸಿಕೊಟ್ಟದ್ದು ಇದನ್ನೇ: ನೆನಪು ಅಳಿದಿರುವುದಿಲ್ಲ, ನಿಂತ ಜಾಗದಿಂದ ಎಡಕ್ಕೆ ಬೀಳುವುದು ಕೈಗೆಟಕುವುದಿಲ್ಲ. ಈ ಪರೀಕ್ಷೆಯನ್ನು ನಾನು ಬಿಡುವುದಿಲ್ಲ. "ಎಡಕ್ಕೆ ನೋಡಿ, ಎಡಕ್ಕೆ ನೋಡಿ" ಎಂದು ಮನೆಯವರು ದಿನವಿಡೀ ಹೇಳುವುದರಿಂದ ಮಾತ್ರ ಏಕೆ ಸಾಲದು ಎಂಬುದನ್ನು ಅವರಿಗೆ ಮನದಟ್ಟು ಮಾಡಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಈ ಮರೆವಿಗೆ ನಾನು ಬಳಸುವ ಚಿಕಿತ್ಸೆ ಪ್ರಿಸಂ ಕನ್ನಡಕದ್ದು. ಪ್ರಿಸಂ ಎಂದರೆ ಶಾಲೆಯಲ್ಲಿ ಬೆಳಕನ್ನು ಏಳು ಬಣ್ಣಗಳಾಗಿ ಒಡೆದು ತೋರಿಸುವ ಅದೇ ಪಟ್ಟಕ. ಅದರ ಮೂಲಕ ನೋಡಿದಾಗ ವಸ್ತುಗಳು ಅದರ ತೆಳು ಅಂಚಿನ ಕಡೆಗೆ ಸರಿದಂತೆ ಕಾಣುತ್ತವೆ. ಎಲ್ಲವನ್ನೂ ಬಲಕ್ಕೆ ಸರಿಸುವ ಕನ್ನಡಕ ಹಾಕಿಕೊಂಡು ಎದುರಿಗಿರುವ ಪೆನ್ನನ್ನು ಬೆರಳಿನಿಂದ ಮುಟ್ಟಲು ಹೋದರೆ ಕೈ ಬಲಕ್ಕೆ ತಪ್ಪುತ್ತದೆ. ತಪ್ಪನ್ನು ಕಂಡು ಮತ್ತೆ ಮತ್ತೆ ಪ್ರಯತ್ನಿಸಿದಾಗ ಕೆಲವೇ ಸಲದಲ್ಲಿ ಗುರಿ ಸರಿಯಾಗುತ್ತದೆ. ಈಗ ಕನ್ನಡಕ ತೆಗೆದರೆ ಕೈ ಎಡಕ್ಕೆ ತಪ್ಪುತ್ತದೆ, ಏಕೆಂದರೆ ಕಣ್ಣು ಮತ್ತು ಕೈಗಳ ನಡುವಿನ ಲೆಕ್ಕಾಚಾರವನ್ನು ಮೆದುಳು ಅಷ್ಟರಲ್ಲಿ ಎಡಕ್ಕೆ ತಿದ್ದಿಕೊಂಡಿರುತ್ತದೆ. ಇದನ್ನು ಉಳಿಕೆ ಪರಿಣಾಮ ಎಂದು ಕರೆಯುತ್ತೇನೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿಯೇ ಇದನ್ನು ವಿವರಿಸಿದ್ದ. ಆದರೆ ಇದು ಚಿಕಿತ್ಸೆಯಾದೀತೆಂದು ತೋರಿಸಿದವರು ಫ್ರಾನ್ಸಿನ ಲಿಯಾನ್ ನಗರದ ಈವ್ ರೋಸೆಟ್ಟಿ ಮತ್ತು ಸಂಗಡಿಗರು. 1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅವರ ವರದಿಯ ಪ್ರಕಾರ, 10 ಡಿಗ್ರಿ ಬಲಕ್ಕೆ ಸರಿಸುವ ಕನ್ನಡಕ ಹಾಕಿಸಿ ಸುಮಾರು 50 ಸಲ ಗುರಿ ಮುಟ್ಟಿಸಿದ ನಂತರ ರೋಗಿಗಳ ಎಡಬದಿಯ ಮರೆವು ಕಡಿಮೆಯಾಯಿತು, ಎರಡು ಗಂಟೆಗಳ ಬಳಿಕವೂ ಆ ಸುಧಾರಣೆ ಉಳಿದಿತ್ತು.

ಓದಿದಷ್ಟು ಸುಲಭವಾಗಿ ಅದು ನನ್ನ ಕೈಗೆ ಬರಲಿಲ್ಲ. ಮೊದಲ ತೊಡಕು ಕನ್ನಡಕದ್ದೇ. ಒಂದು ಮೀಟರ್ ದೂರದಲ್ಲಿರುವ ವಸ್ತುವನ್ನು ಒಂದು ಸೆಂಟಿಮೀಟರ್ ಸರಿಸುವ ಶಕ್ತಿಗೆ ಒಂದು ಪ್ರಿಸಂ ಡಯಾಪ್ಟರ್ ಎನ್ನುತ್ತಾರೆ. ನನಗೆ ಬೇಕಾಗಿದ್ದುದು 20 ಡಯಾಪ್ಟರ್, ಎಂದರೆ ಸುಮಾರು 11 ಡಿಗ್ರಿ. ಕನ್ನಡಕದ ಅಂಗಡಿಗೆ ಬರೆದು ಕೊಟ್ಟೆ. ಮಾಡಿ ಕಳುಹಿಸಿದ ಕನ್ನಡಕವನ್ನು ರೋಗಿಗೆ ಹಾಕುವ ಮುನ್ನ ನಾನೇ ಹಾಕಿಕೊಂಡಾಗ ಬಾಗಿಲು ಎರಡಾಗಿ ಕಂಡಿತು. ಮೆಳ್ಳಗಣ್ಣಿಗೆ ಪ್ರಿಸಂ ಕೊಡುವಾಗ ಎರಡು ಕಣ್ಣುಗಳ ದಪ್ಪ ಅಂಚುಗಳನ್ನೂ ಕಿವಿಯ ಕಡೆಗೋ ಎರಡನ್ನೂ ಮೂಗಿನ ಕಡೆಗೋ ಇಡುವುದು ರೂಢಿ, ಅವರು ಆ ರೂಢಿಯಂತೆ ಮಾಡಿದ್ದರು. ಹಾಗಾದಾಗ ಒಂದು ಕಣ್ಣಿಗೆ ದೃಶ್ಯ ಬಲಕ್ಕೆ ಸರಿದರೆ ಇನ್ನೊಂದಕ್ಕೆ ಎಡಕ್ಕೆ ಸರಿಯುತ್ತದೆ. ನಮ್ಮ ಕೆಲಸಕ್ಕೆ ಎರಡೂ ಗಾಜುಗಳ ದಪ್ಪ ಅಂಚು ಧರಿಸುವವರ ಎಡಕ್ಕೇ ಇರಬೇಕು, ಎಂದರೆ ಎಡಗಣ್ಣಿಗೆ ಕಿವಿಯ ಕಡೆ, ಬಲಗಣ್ಣಿಗೆ ಮೂಗಿನ ಕಡೆ. ಅಂದಿನಿಂದ ನಾನು ಮಾತಿನಲ್ಲಿ ಬರೆದು ಕೊಡುವುದನ್ನು ಬಿಟ್ಟು ಚಿತ್ರ ಬರೆದು ಕೊಡುತ್ತೇನೆ, ಪ್ರತಿ ಹೊಸ ಕನ್ನಡಕವನ್ನೂ ಮೊದಲು ನಾನೇ ಧರಿಸಿ, ಒಂದೊಂದೇ ಕಣ್ಣು ಮುಚ್ಚಿ, ಬಾಗಿಲ ಚೌಕಟ್ಟು ಬಲಕ್ಕೆ ಸರಿಯುವುದನ್ನು ಖಚಿತಪಡಿಸಿಕೊಳ್ಳುತ್ತೇನೆ. ಅಷ್ಟು ಶಕ್ತಿಯ ಗಾಜು ದಪ್ಪವೂ ಭಾರವೂ ಆಗಿರುವುದರಿಂದ ಹಿಂದೆ ದಾರ ಕಟ್ಟಬೇಕಾಗುತ್ತದೆ. ಪಕ್ಕದಿಂದ ಇಣುಕಿ ನೋಡದಂತೆ ಬದಿಗಳಿಗೆ ಕಪ್ಪು ಬಟ್ಟೆ ಹೊಲಿಸಿದ್ದೇನೆ.

ಎರಡನೆಯ ತಪ್ಪು ಸಂಪೂರ್ಣವಾಗಿ ನನ್ನದೇ, ಅದರ ಬೆಲೆ ತೆತ್ತವರು ಟೀಚರಮ್ಮನಿಗಿಂತ ಕೆಲವು ವರ್ಷ ಮೊದಲು ಬಂದಿದ್ದ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು. ಅವರನ್ನು ಬರಿಯ ಮೇಜಿನ ಮುಂದೆ ಕೂರಿಸಿ, ಕನ್ನಡಕ ಹಾಕಿಸಿ, ಗುರಿ ಮುಟ್ಟಿಸುತ್ತ ಹೋದೆ. ಕೈ ತೊಡೆಯಿಂದ ಹೊರಟು ಗುರಿ ತಲುಪುವವರೆಗೂ ಅವರಿಗೆ ಕಾಣುತ್ತಿತ್ತು; ತಪ್ಪುತ್ತಿದೆ ಎನ್ನಿಸಿದಾಗ ಅವರು ದಾರಿಯಲ್ಲೇ ಕೈಯನ್ನು ನಿಧಾನವಾಗಿ ತಿರುಗಿಸಿಕೊಂಡು ಗುರಿಗೆ ತಂದಿಡುತ್ತಿದ್ದರು, ನಾನು "ಸರಿಯಾಯ್ತು" ಎನ್ನುತ್ತಿದ್ದೆ. ಒಂದು ವಾರ ಕಳೆದರೂ ಯಾವ ಬದಲಾವಣೆಯೂ ಕಾಣಲಿಲ್ಲ. ಏಳನೆಯ ದಿನ ಕನ್ನಡಕ ತೆಗೆದು ಕಣ್ಣು ಮುಚ್ಚಿಸಿ, "ನಿಮ್ಮ ಮೂಗಿನ ನೇರಕ್ಕೆ ಕೈ ಚಾಚಿ" ಎಂದೆ. ಕೈ ಮೊದಲ ದಿನದಷ್ಟೇ ಬಲಕ್ಕೆ ಹೋಯಿತು. ಆ ಏಳು ದಿನ ಅವರ ಮೆದುಳು ಏನನ್ನೂ ತಿದ್ದಿಕೊಂಡಿರಲಿಲ್ಲ; ಕನ್ನಡಕ ಹಾಕಿದಾಗ ಒಂದಿಷ್ಟು ಎಡಕ್ಕೆ ಗುರಿಯಿಡಬೇಕೆಂಬ ಉಪಾಯವನ್ನಷ್ಟೇ ಅವರು ಕಲಿತಿದ್ದರು. ಬೇಕೆಂದು ಮಾಡುವ ಉಪಾಯ ಬೇರೆ, ತನಗೆ ತಿಳಿಯದೆಯೇ ಆಗುವ ತಿದ್ದುಪಡಿ ಬೇರೆ. ಉಳಿಕೆ ಪರಿಣಾಮವನ್ನು ಮೊದಲ ದಿನವೇ ಅಳೆದಿದ್ದರೆ ಆ ವಾರ ವ್ಯರ್ಥವಾಗುತ್ತಿರಲಿಲ್ಲ. ಅವರ ಬಿಡುಗಡೆಯ ದಿನ ಹತ್ತಿರ ಬಂದಿತ್ತು, ಮತ್ತೆ ಮೊದಲಿನಿಂದ ಆರಂಭಿಸಲು ಅವಕಾಶ ಸಿಗಲಿಲ್ಲ. ಈ ವಿಷಯದಲ್ಲಿ ನಾನು ಇಂದು ಇಷ್ಟು ಹಟ ಹಿಡಿಯುವುದಕ್ಕೆ ಅವರೇ ಕಾರಣ.

ಆಮೇಲೆ ಬಡಗಿಯೊಬ್ಬರಿಂದ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿದೆ. ಸುಮಾರು 30 ಸೆಂಟಿಮೀಟರ್ ಎತ್ತರ, ರೋಗಿಯ ಕಡೆಗೂ ನನ್ನ ಕಡೆಗೂ ತೆರೆದಿರುತ್ತದೆ, ಮೇಲೆ ಮುಚ್ಚಿಗೆ. ರೋಗಿ ಪೆಟ್ಟಿಗೆಯೊಳಗೆ ಕೈ ಚಾಚಿದಾಗ ಬೆರಳ ತುದಿ ನನ್ನ ಕಡೆಯ ಅಂಚಿನಲ್ಲಿ ಹೊರಬಂದಾಗಲಷ್ಟೇ ಅವರಿಗೆ ಕಾಣುತ್ತದೆ. ಪೆಟ್ಟಿಗೆಗೂ ಎದೆಗೂ ನಡುವಿನ ಸಂದಿಯಲ್ಲಿ ಕೈ ಕಾಣದಂತೆ, ಕ್ಷೌರದಂಗಡಿಯಲ್ಲಿ ಕಟ್ಟುವ ಹಾಗೆ ಕುತ್ತಿಗೆಗೆ ಒಂದು ಬಟ್ಟೆ ಕಟ್ಟಿ ಅದರ ಅಂಚನ್ನು ಪೆಟ್ಟಿಗೆಯ ಮೇಲೆ ಹರಡುತ್ತೇನೆ. ನನ್ನ ಕಡೆಯ ಅಂಚಿಗೆ ಸೆಂಟಿಮೀಟರ್ ಪಟ್ಟಿ ಅಂಟಿಸಿದೆ, ಅದು ರೋಗಿಗೆ ಕಾಣಬಾರದು. ಪೆನ್ನನ್ನು ನಡುವೆ, ಎಡಕ್ಕೆ, ಬಲಕ್ಕೆ ಕ್ರಮವಿಲ್ಲದೆ ಹಿಡಿಯುತ್ತೇನೆ. "ಬೇಗ ಮುಟ್ಟಿ, ಕೈ ವಾಪಸ್ ಎದೆಗೆ ತನ್ನಿ" ಎಂಬುದಷ್ಟೇ ನಾನು ಆಡುವ ಮಾತು. ತಪ್ಪಾದರೂ ಸರಿಯಾದರೂ ಏನೂ ಹೇಳುವುದಿಲ್ಲ, ಏಕೆಂದರೆ ನನ್ನ ಮಾತು ಅವರನ್ನು ಮತ್ತೆ ಉಪಾಯದ ದಾರಿಗೆ ಎಳೆಯುತ್ತದೆ. ಕೈ ನಿಧಾನವಾದರೆ ಅಲ್ಲಿಗೇ ನಿಲ್ಲಿಸಿ ಎರಡು ನಿಮಿಷ ವಿಶ್ರಾಂತಿ ಕೊಡುತ್ತೇನೆ.

ಟೀಚರಮ್ಮನ ವಿಷಯದಲ್ಲಿ ಮೊದಲ ಮೂರು ದಿನ ಕನ್ನಡಕವನ್ನೇ ಹೊರತೆಗೆಯಲಿಲ್ಲ. ಪಾರ್ಶ್ವವಾಯುವಾದ ಮೊದಲ ತಿಂಗಳುಗಳಲ್ಲಿ ಎಡಬದಿಯ ಮರೆವು ತಾನಾಗಿಯೂ ಇಳಿಯುತ್ತದೆ, ಆ ಇಳಿಕೆಯನ್ನು ಚಿಕಿತ್ಸೆಯ ಫಲವೆಂದು ಭ್ರಮಿಸುವುದು ಬಹಳ ಸುಲಭ. ಆದ್ದರಿಂದ ಮೂರು ದಿನವೂ ಅದೇ ಅಳತೆಗಳನ್ನು ತೆಗೆದೆ. ಕಣ್ಣು ಮುಚ್ಚಿ 'ನೇರಕ್ಕೆ' ಕೈ ಚಾಚಿಸಿದಾಗ, ಅರ್ಧ ಮೀಟರ್ ದೂರದಲ್ಲಿ, ಬೆರಳು ನಡುಗೆರೆಯಿಂದ 5ರಿಂದ 6 ಸೆಂಟಿಮೀಟರ್ ಬಲಕ್ಕೆ ಬೀಳುತ್ತಿತ್ತು. ಅವರ ಪಾಲಿಗೆ 'ನೇರ' ಎಂಬುದೇ ಬಲಕ್ಕೆ ಜರುಗಿತ್ತು.

ನಾಲ್ಕನೆಯ ದಿನ ಕನ್ನಡಕ ಹಾಕಿಸಿದೆ. ಮೊದಲ ಸಲ ಕೈ ಪೆನ್ನಿನಿಂದ ಅರ್ಧ ಗೇಣಿನಷ್ಟು ಬಲಕ್ಕೆ ಹೋಯಿತು. "ಅಯ್ಯೋ, ಇದೇನಮ್ಮ ಹಿಂಗಾಯ್ತು" ಎಂದರು. ಹತ್ತು-ಹನ್ನೆರಡು ಪ್ರಯತ್ನಗಳಲ್ಲಿ ಗುರಿ ಕೂಡಿತು. ಅನುಭವ ಕಡಿಮೆಯಿದ್ದಾಗ ನಾನು ಇಲ್ಲಿಯೇ ನಿಲ್ಲಿಸಿಬಿಡುತ್ತಿದ್ದೆ. ಗುರಿ ಕೂಡಿದ ನಂತರವೂ ಮಾಡಿಸುವ ಹತ್ತಾರು ಪುನರಾವರ್ತನೆಗಳಲ್ಲೇ ಆಳದ ತಿದ್ದುಪಡಿ ನಡೆಯುತ್ತದೆ. ಅದಕ್ಕಾಗಿ ಒಟ್ಟು 90 ಸಲ ಮಾಡಿಸಿದೆ, ನಡುವೆ ಎರಡು ವಿಶ್ರಾಂತಿ ಸೇರಿ ಇಪ್ಪತ್ತು ನಿಮಿಷ ಹಿಡಿಯಿತು. ಅನಂತರ ಕಣ್ಣು ಮುಚ್ಚಿಸಿಯೇ ಕನ್ನಡಕ ತೆಗೆದೆ. ತೆಗೆದ ಕೂಡಲೇ ಕೈಯನ್ನು ನೋಡಿಕೊಂಡು ಏನನ್ನಾದರೂ ಮುಟ್ಟಿದರೆ ಮೆದುಳು ಮತ್ತೆ ಹಳೆಯ ಲೆಕ್ಕಕ್ಕೆ ಮರಳಲು ಆರಂಭಿಸುತ್ತದೆ, ಅಳತೆಗೂ ಅರ್ಥವಿರುವುದಿಲ್ಲ. 'ನೇರಕ್ಕೆ' ಎಂದಾಗ ಬೆರಳು ನಡುಗೆರೆಯಿಂದ ಒಂದು ಸೆಂಟಿಮೀಟರ್ ಎಡಕ್ಕೆ ಬಂದಿತ್ತು. ಬೆರಳು ಆರೇಳು ಸೆಂಟಿಮೀಟರ್ ಸರಿದದ್ದನ್ನು ಪಟ್ಟಿಯ ಮೇಲೆ ಕಂಡಾಗ ಕಂಡಕ್ಟರ್ ಅವರ ನೆನಪಾಯಿತು.

1998ರ ವರದಿಯಲ್ಲಿದ್ದುದು ಒಂದೇ ಸಲದ ಪ್ರಯೋಗ. ಇಟಲಿಯ ಫ್ರಾಸಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ದಿನಕ್ಕೆರಡು ಸಲದಂತೆ ಎರಡು ವಾರ ಮಾಡಿಸಿ, ಸುಧಾರಣೆ ಐದು ವಾರಗಳ ನಂತರವೂ ಉಳಿದಿದ್ದುದನ್ನು ವರದಿ ಮಾಡಿದ್ದರು. ನಾನು ಅನುಸರಿಸಿದ್ದು ಆ ಕ್ರಮವನ್ನೇ: ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ವಾರಕ್ಕೆ ಐದು ದಿನ, ಒಟ್ಟು 20 ಸಲ. ಪ್ರತಿ ಬಾರಿಯ ನಂತರದ ಒಂದು ಗಂಟೆಯನ್ನು ಹಾಳು ಮಾಡಬಾರದೆಂದು ಅದೇ ಹೊತ್ತಿಗೆ ಓದುವುದು, ತರಕಾರಿ ಬಿಡಿಸುವುದು, ಎಡತೋಳನ್ನು ಮೊದಲು ರವಿಕೆಗೆ ತೂರಿಸುವುದು, ಗಾಲಿಕುರ್ಚಿಯಲ್ಲಿ ಬಾಗಿಲು ದಾಟುವುದು ಇವುಗಳನ್ನು ಜೋಡಿಸಿದೆ. ಪತ್ರಿಕೆಯ ಅಂಕಣದ ಎಡ ಅಂಚಿಗೆ ಕೆಂಪು ಗೆರೆ ಎಳೆದು, ಗೆರೆ ಕಂಡ ಮೇಲೆಯೇ ಸಾಲು ಆರಂಭಿಸಬೇಕು ಎಂಬ ಹಳೆಯ ಅಭ್ಯಾಸವನ್ನೂ ಮುಂದುವರಿಸಿದೆ. ಶುದ್ಧ ಪ್ರಯೋಗದ ದೃಷ್ಟಿಯಿಂದ ಇದು ಬೆರಕೆ, ಯಾವುದರಿಂದ ಎಷ್ಟಾಯಿತೆಂದು ಬೇರ್ಪಡಿಸಲಾಗುವುದಿಲ್ಲ. ಆದರೆ ನನ್ನ ಮುಂದಿದ್ದವರು ಮನೆಗೆ ಹೋಗಬೇಕಾಗಿದ್ದ ರೋಗಿ.

ಬದಲಾವಣೆ ಸಮನಾಗಿ ಬರಲಿಲ್ಲ. ಚಿಕಿತ್ಸೆಯ ನಾಲ್ಕನೆಯ ದಿನಕ್ಕೆ ಓದಿನಲ್ಲಿ ಕಂಡಿತು: 'ಪಟ್ಟಣ' ಎಂದು ನಿಲ್ಲುತ್ತಿದ್ದವರು "ರಾಯಪಟ್ಟಣ" ಎಂದರು, ತಡೆದು, ಹಿಂದಕ್ಕೆ ಹೋಗಿ "ಚನ್ನರಾಯಪಟ್ಟಣ" ಎಂದರು. ಆ ತಡೆದು ಹಿಂದಕ್ಕೆ ಹೋಗುವ ಕ್ಷಣ ನನಗೆ ಬಹಳ ದೊಡ್ಡದು, ಏಕೆಂದರೆ ಅದುವರೆಗೆ ಏನೋ ಬಿಟ್ಟುಹೋಗಿದೆ ಎಂಬ ಸಂಶಯವೇ ಅವರಿಗೆ ಹುಟ್ಟುತ್ತಿರಲಿಲ್ಲ. ಎಂಟನೆಯ ದಿನ ನಕ್ಷೆಯ ಪ್ರಶ್ನೆ ಕೇಳಿದಾಗ ಬೆಂಗಳೂರಿನ ನಂತರ ಸುಮ್ಮನಾಗಿ, "ಸಮುದ್ರದ ಕಡೇದು ಬಿಟ್ಟೆ ಅಲ್ವಾ" ಎಂದು ಮಂಗಳೂರು, ಕಾರವಾರ ಸೇರಿಸಿದರು. ಕೈ ಮತ್ತು ಕಣ್ಣಿಗೆ ಕೊಟ್ಟ ಅಭ್ಯಾಸ ಮನಸ್ಸಿನ ನಕ್ಷೆಯನ್ನೂ ತಲುಪುತ್ತದೆ ಎಂಬುದು ಈ ಚಿಕಿತ್ಸೆಯಲ್ಲಿ ನನ್ನನ್ನು ಅತ್ಯಂತ ಬೆರಗುಗೊಳಿಸುವ ಸಂಗತಿ. ಫ್ರಾನ್ಸಿನ ಸಂಶೋಧಕರು ತಮ್ಮ ದೇಶದ ನಕ್ಷೆಯನ್ನು ಕಲ್ಪಿಸಿಕೊಳ್ಳಲು ಹೇಳಿಯೇ ಇದನ್ನು ಗಮನಿಸಿದ್ದರು. ಗಾಲಿಕುರ್ಚಿ ಮಾತ್ರ ಎರಡನೆಯ ವಾರದ ಕೊನೆಯವರೆಗೂ ಎಡ ಬಾಗಿಲಚೌಕಟ್ಟಿಗೆ ತಗುಲುತ್ತಲೇ ಇತ್ತು. ನಕ್ಷತ್ರಗಳು 21ರಿಂದ 43ಕ್ಕೆ ಏರಿದ್ದವು. ಆದರೆ ನಾನು ಹೆಚ್ಚು ನಂಬುವುದು ಕ್ಯಾಥರೀನ್ ಬರ್ಜೆಗೊ ಅವರ ಹೆಸರಿನ ಮಾಪನವನ್ನು, ಏಕೆಂದರೆ ಅದು ಊಟ, ಉಡುಪು, ಮುಖ ತೊಳೆಯುವುದು, ಓಡಾಟ ಮುಂತಾದ ಹತ್ತು ವಿಷಯಗಳನ್ನು ನಿಜವಾದ ದಿನಚರಿಯಲ್ಲಿ ನೋಡಿ ಅಂಕ ಕೊಡುತ್ತದೆ. ಅದರಲ್ಲಿ 30 ಎಂದರೆ ತೀರ ಕೆಟ್ಟ ಸ್ಥಿತಿ. ಅವರು 19ರಿಂದ 11ಕ್ಕೆ ಇಳಿದಿದ್ದರು.

ಇದನ್ನು ಓದಿ ಎಲ್ಲರಿಗೂ ಈ ಕನ್ನಡಕ ಹಾಕಿಸಬೇಕೆಂದು ಯಾರಾದರೂ ತೀರ್ಮಾನಿಸಿದರೆ ಅದು ತಪ್ಪಾಗುತ್ತದೆ. ಬ್ರಿಟನ್ನಿನಲ್ಲಿ ಟರ್ಟನ್ ಮತ್ತು ಸಂಗಡಿಗರು 2010ರಲ್ಲಿ, ನೆದರ್ಲ್ಯಾಂಡ್ಸಿನಲ್ಲಿ ಟೆನ್ ಬ್ರಿಂಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ, ಚೀಟಿ ಎತ್ತಿದಂತೆ ಗುಂಪು ಮಾಡಿ ನಡೆಸಿದ ಅಧ್ಯಯನಗಳಲ್ಲಿ ಪ್ರಿಸಂ ಪಡೆದವರು ಸಾಮಾನ್ಯ ಗಾಜು ಪಡೆದವರಿಗಿಂತ ಮುಂದೆ ಹೋಗಲಿಲ್ಲ. ನನ್ನಲ್ಲಿಗೂ, ಬಲ ಮೆದುಳಿನ ಜೊತೆಗೆ ಕಿರುಮೆದುಳಿಗೂ ಹಾನಿಯಾಗಿದ್ದ ಒಬ್ಬರು ಬಂದಿದ್ದರು. ಇಂತಹ ತಿದ್ದುಪಡಿ ಬಹುಮಟ್ಟಿಗೆ ಕಿರುಮೆದುಳನ್ನು ಅವಲಂಬಿಸಿದೆ; ಅವರಲ್ಲಿ ನಾಲ್ಕು ದಿನವೂ ಉಳಿಕೆ ಪರಿಣಾಮ ಮೂಡಲಿಲ್ಲ, ಐದನೆಯ ದಿನ ನಾನು ನಿಲ್ಲಿಸಿ ಬೇರೆ ಅಭ್ಯಾಸಗಳಿಗೆ ಹೋದೆ. ಇನ್ನೊಬ್ಬರಲ್ಲಿ ಉಳಿಕೆ ಪರಿಣಾಮ ಚೆನ್ನಾಗಿ ಮೂಡಿ, ಕಾಗದದ ಪರೀಕ್ಷೆಗಳೂ ಸುಧಾರಿಸಿ, ಮನೆಯ ದಿನಚರಿ ಮಾತ್ರ ಇದ್ದಂತೆಯೇ ಇತ್ತು. ಆದ್ದರಿಂದ ಉಳಿಕೆ ಪರಿಣಾಮ ಕಂಡರೆ ಫಲ ಸಿಕ್ಕೇ ಸಿಗುತ್ತದೆಂದು ನಾನು ಹೇಳಲಾರೆ. ಅದು ಕಾಣದಿದ್ದರೆ ನಾವು ಕೊಟ್ಟದ್ದು ಪ್ರಿಸಂ ಚಿಕಿತ್ಸೆಯೇ ಆಗಿರುವುದಿಲ್ಲ ಎಂಬುದನ್ನಂತೂ ಹೇಳಬಲ್ಲೆ. ಪೆಟ್ಟಿಗೆ, ಕನ್ನಡಕ, ಒಂದು ಪಟ್ಟಿ, ದಿನಕ್ಕೆ ನಲವತ್ತು ನಿಮಿಷ: ಖರ್ಚು ಇಷ್ಟೇ ಆಗಿರುವುದರಿಂದ, ಸರಿಯಾಗಿ ಅಳೆಯುತ್ತ ನಾಲ್ಕು ದಿನ ಪ್ರಯತ್ನಿಸಿ ಆಮೇಲೆ ಮುಂದಿನದನ್ನು ನಿರ್ಧರಿಸುವುದು ನ್ಯಾಯವೆಂದು ನನಗೆ ತೋರುತ್ತದೆ.

ಆರು ವಾರಗಳ ನಂತರ ಟೀಚರಮ್ಮ ಮರುತಪಾಸಣೆಗೆ ಬಂದರು, ಈ ಸಲ ಕೋಲು ಹಿಡಿದು ನಡೆದೇ ಬಂದರು. ಕಣ್ಣು ಮುಚ್ಚಿ ಚಾಚಿದ ಬೆರಳು ನಡುಗೆರೆಯಿಂದ ಒಂದೂವರೆ ಸೆಂಟಿಮೀಟರ್ ಬಲಕ್ಕಿತ್ತು, ಬರ್ಜೆಗೊ ಅಂಕ 9 ಇತ್ತು. ತಟ್ಟೆಯಲ್ಲಿ ಅನ್ನ ಉಳಿಯುವುದಿಲ್ಲವೆಂದು ಸೊಸೆ ಹೇಳಿದರು. ಅಂಗಳದಲ್ಲಿ ಬಿಡಿಸಿದ ರಂಗೋಲಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದರು. ಎಡತುದಿಯ ಒಂದು ಸಾಲು ಚುಕ್ಕಿ ಇನ್ನೂ ಹೊರಗುಳಿದಿತ್ತು, ಅದನ್ನು ಮೊದಲು ಬೆರಳಿಟ್ಟು ತೋರಿಸಿದವರು ಟೀಚರಮ್ಮನೇ. ಒಬ್ಬರೇ ರಸ್ತೆ ದಾಟಬಹುದೇ ಎಂದು ಅವರು ಕೇಳಿದಾಗ ಸದ್ಯಕ್ಕೆ ಬೇಡವೆಂದೆ. ಎರಡೂ ಕಡೆಯಿಂದ ಒಟ್ಟಿಗೆ ಬೆರಳಾಡಿಸಿದಾಗ ಎಡಗಡೆಯದು ಅವರಿಗೆ ಇನ್ನೂ ಹತ್ತರಲ್ಲಿ ಮೂರು ಸಲ ತಪ್ಪುತ್ತಿತ್ತು, ಗಾಡಿಗಳು ಎರಡೂ ಕಡೆಯಿಂದ ಒಟ್ಟಿಗೇ ಬರುತ್ತವೆ. ಅದನ್ನು ಹಾಗೆಯೇ ಚೀಟಿಯಲ್ಲಿ ಬರೆದು ಸೊಸೆಯ ಕೈಗೆ ಕೊಟ್ಟು, ಮೂರು ತಿಂಗಳ ನಂತರ ಮತ್ತೆ ಕರೆತರಲು ಹೇಳಿದೆ.